ಬಳಪದ ಕಲ್ಲು

ಅರಸೀಕೆರೆಯ ಕೊಬ್ಬರಿ ಮಂಡಿಗಳಿಗೆ ಬೋರ್ಡು ಬರೆಯುವವನು ನಾನು.
ಮೂಲೆಯಲ್ಲಿ ಸಣ್ಣಗೆ: ದಸ್ತಗೀರ್ ಆರ್ಟ್ಸ್.
ಇಪ್ಪತ್ತೆರಡು ವರ್ಷದ ಹಿಂದೆ ಕಂಟ್ರಾಕ್ಟರು
ಟಿವಿಎಸ್ ಹಿಂದೆ ಕೂರಿಸಿಕೊಂಡು ಹಾರನಗುಂದಿಗೆ ಕರೆದೊಯ್ದ.
ಕೇತೇಶ್ವರನ ಗುಡಿ ವಾಲಿದೆ, ಬಿಚ್ಚಿ ಕಟ್ಟುತ್ತಾರೆ,
ಯಾವುದರ ಮೇಲೆ ಯಾವುದು ಅಂತ ಗೊತ್ತಾಗಬೇಕಲ್ಲ,
ಕಲ್ಲಿಗೊಂದು ನಂಬರು ಹಾಕು.
ನಂಬರಿಗೆ ಒಂದು ರೂಪಾಯಿ.

ಬಿಳಿ ಎನಾಮಲ್, ಅರ್ಧ ಇಂಚಿನ ಬ್ರಷ್ಷು, ಕನ್ನಡ ಅಂಕಿ.
ಆನೆಸಾಲಿನ ಹೊಟ್ಟೆಗೆ ೧ರಿಂದ ೮೬.
ಆಮೇಲೆ ಕುದುರೆ, ಬಳ್ಳಿ, ಹಂಸ,
ಯಾರದೋ ಯುದ್ಧ, ಯಾರದೋ ಮದುವೆ,
ತೊಡೆಯೋ ಹಣೆಯೋ, ಎಲ್ಲಿ ಸಪಾಟಾಗಿತ್ತೋ ಅಲ್ಲಿ.
೪೧೨ ಬರೆಯುವ ಪಟ್ಟಿಯ ಮೇಲೆ ಗೀರುಗೀರಾಗಿ ಏನೋ ಇತ್ತು.
ಹಾವಸೆ ಅಂದುಕೊಂಡೆ.
ಒಂದು ಕೋಟು ಹೆಚ್ಚೇ ಹೊಡೆದೆ.

ಬಿಚ್ಚಿದರು. ಹೊಲದಲ್ಲಿ ಹರಡಿದರು. ದುಡ್ಡು ಮುಗಿಯಿತು.
ಫೈಲು ಮೇಲಕ್ಕೆ ಹೋಯಿತು.
ದೇವರು ಶಾಲೆಯ ಕೊಠಡಿಗೆ ಹೋದ, ಅಕ್ಕಿ ಮೂಟೆಗಳ ಪಕ್ಕ.

ಈಗ ಮತ್ತೆ ಕರೆ. ಹೊಸ ಇಂಜಿನಿಯರಮ್ಮ.
ಫೋಟೋ ಅಂಟಿಸಿದ್ದ ರಿಜಿಸ್ಟರು ಗೆದ್ದಲಿಗೆ, ಬಣ್ಣ ಬಿಸಿಲಿಗೆ.
ನಕ್ಷೆಯಲ್ಲಿ ನಂಬರಿದೆ, ಕಲ್ಲಿನ ಮೇಲಿಲ್ಲ.
‘ನಿಮ್ಮ ಕೈಬರಹ ತಾನೆ, ನೆನಪಿದೆಯಾ?’
ಮೇಡಂ, ನಿನ್ನೆ ಬರೆದ ಮಂಡಿಯ ಫೋನ್ ನಂಬರೇ ನನಗೆ ನೆನಪಿಲ್ಲ.

ಎಕ್ಕದ ಗಿಡದ ಆಚೆಯಿಂದ ಒಂದು ದನಿ:
‘ಅದು ಇನ್ನೂರ ಹದಿನಾಲ್ಕು. ಪಕ್ಕದ್ದು ಇನ್ನೂರ ಒಂಬತ್ತು,
ಹೋದ್ ವರ್ಷ ಮಳೇಲಿ ಮಗುಚ್ಕೊಂತು.’

ಬೀರಕ್ಕ. ಕುರಿ ಕಾಯುವವಳು.
ಶಾಲೆಗೆ ಕಳಿಸಲಿಲ್ಲವಂತೆ. ಈ ಹೊಲದಲ್ಲೇ,
ಕಲ್ಲಿಂದ ಕಲ್ಲಿಗೆ ಕುಪ್ಪಳಿಸುತ್ತ, ಒಂದು ಎರಡು ಕಲಿತಳಂತೆ.
‘ಆನೆ ಬಾಲ ಮುರಿದವಳೂ ನಾನೇ’ ಎಂದಳು, ಮುಖ ತಗ್ಗಿಸದೆ.
‘ಬಳಪದ ಕಲ್ಲಲ್ವಾ. ಬಂಡೆ ಮೇಲೆ ಚೆನ್ನಾಗಿ ಮೂಡ್ತಿತ್ತು.’

ನಾಲ್ಕು ದಿನ ಅವಳು ಮುಂದೆ, ಅವಳ ಹಿಂದೆ ನಕ್ಷೆ,
ಬ್ರಷ್ಷು ಹಿಡಿದ ನಾನು ಕೊನೆಯಲ್ಲಿ.
೮೭ ಕೆರೆಯಲ್ಲಿ. ಬಟ್ಟೆ ಒಗೆದೂ ಒಗೆದೂ
ಕನ್ನಡಿ ಹಿಡಿದವಳಿಗೆ ಮುಖವೇ ಇಲ್ಲ.
೧೩೩ ಹಾಲಿನ ಡೈರಿಯ ಮೆಟ್ಟಿಲು.
೨೬೦ ಪಟೇಲರ ಹಿತ್ತಲಲ್ಲಿ. ಕೊಡುವುದಿಲ್ಲ ಎಂದು ಜಗಳಕ್ಕೇ ಬಂದರು,
ರಾತ್ರಿ ತಾವೇ ತಂದು ಇಳಿಸಿದರು
ಟ್ರ್ಯಾಕ್ಟರಿನ ಲೈಟು ಆರಿಸಿಕೊಂಡು.

‘ಮುನ್ನೂರ ಒಂದು?’

ಬೀರಕ್ಕ ಕುರಿಗಳ ಕಡೆ ನೋಡಿದಳು.
‘ಅದನ್ನ ಕೇಳ್ಬೇಡಿ. ನಮ್ಮವ್ವನ ಗುದ್ದಿನ ಮೇಲದೆ.
ನರಿ ಕೆದಕದಿರ್ಲಿ ಅಂತ ನಾನೇ ಉರುಳಿಸ್ಕೊಂಡು ಹೋಗಿ ಇಟ್ಟೆ.’

ಇಂಜಿನಿಯರಮ್ಮ ನಕ್ಷೆ ಮಡಚಿದರು.
ಆ ದಿನ ಮತ್ತೆ ಬಿಡಿಸಲಿಲ್ಲ.
ಬದಲಿಗೆ ಹೊಸ ಕಲ್ಲು ಕೊಯ್ಸಿದರು. ಹೂವು ಬಳ್ಳಿ ಏನೂ ಬೇಡ,
ಬೋಳಾಗಿಯೇ ಇರಲಿ, ಗೋಡೆ ಸುಳ್ಳು ಹೇಳಬಾರದು ಎಂದರು.

೪೧೨ರ ಮೇಲೆ ನಾನಾಗಿಯೇ ಕೂತೆ.
ಅವರು ಕೊಟ್ಟ ಔಷಧದಲ್ಲಿ ಹತ್ತಿ ಅದ್ದಿ ಅದ್ದಿ ಒರೆಸಿದೆ.
ನನ್ನ ಎರಡು ಕೋಟು ಎದ್ದು ಬಂತು. ಕೆಳಗೆ ಅಕ್ಷರ.
ಅವರು ಬೆರಳಿಟ್ಟು ಓದಿದರು:
ರೂವಾರಿ, ಆಮೇಲೆ ಮುಕ್ಕು, ಆಮೇಲೆ ಮಯ್ಯ.
ಎಂಟುನೂರು ವರ್ಷದ ಹಿಂದೆ, ಮೂಲೆಯಲ್ಲಿ, ಸಣ್ಣಗೆ.
ನನ್ನ ಕಿವಿ ಬಿಸಿಯಾಯಿತು.

ಹೊಸ ಕಲ್ಲಿಗೂ ೩೦೧ ಎಂದೇ ಹಾಕಲು ಹೇಳಿದರು. ಹಾಕಿದೆ.
ಗಾರೆ ಮೆತ್ತುವ ಮೊದಲು, ಒಳಮುಖಕ್ಕೆ,
ಅಂಕಿಯ ಕೆಳಗೆ ದೊಡ್ಡಕೆಂಚಮ್ಮ ಎಂದು ಬರೆದೆ.
ಮೂಲೆಯಲ್ಲಿ ಇನ್ನೂ ಜಾಗವಿತ್ತು.
ಬಿಟ್ಟೆ.

ಡಬ್ಬಿಯಲ್ಲಿ ಉಳಿದದ್ದನ್ನು ಬೀರಕ್ಕ ಕೇಳಿ ಇಸಿದುಕೊಂಡಳು,
ಕುರಿಗಳಿಗೆ ಗುರುತು ಹಾಕಬೇಕಂತೆ.
ಮಾರನೆಯ ಸಂಜೆ ಬಾಣಾವರದ ಬಸ್ಸಿಗೆ ಕಾಯುತ್ತ ನೋಡಿದೆ:
ಕೆರೆ ಏರಿಯ ಮೇಲೆ ೯, ೨, ೧೪, ೫
ಒಂದರ ಹಿಂದೊಂದು, ಯಾವ ಅನುಕ್ರಮವೂ ಇಲ್ಲದೆ
ಹಟ್ಟಿಗೆ ಹೊರಟಿದ್ದವು.
ಆ ಒಂಬತ್ತರ ಕೊಂಕು ನನ್ನದು.
ಬೇರೆ ಯಾರೂ ಹಾಗೆ ಬರೆಯುವುದಿಲ್ಲ.